ಗೌರಿ ಹಬ್ಬದ ವಾರದ ಟೇಪು

ಪರ್ವೀನ್ ಬೆಳಿಗ್ಗೆ ಷಟರ್ ಎತ್ತೋ ಹೊತ್ತಿಗೇ ಮುನಿರಾಮಯ್ಯ ಮೆಟ್ಟಿಲ ಮೇಲೆ ಕೂತಿದ್ದ. ಸಾಸಲಿನಿಂದ ಮೊದಲನೇ ಬಸ್ಸಿಗೇ ಬಂದಿದ್ದನಂತೆ. ಒಳಗೆ ಬಂದು ಬೆಂಚಿನ ತುದಿಗೆ ಕೂತ. ಕಾಫಿ ಬೇಡ ಅಂದ, ನೀರೂ ಬೇಡ ಅಂದ. "ನನ್ ಮಗಳು ಡಬ್ಬೀಲಿ ಏನೋ ಹೇಳವ್ಳಂತೆ. ಅದೊಂದ್ ಕೇಳಿಸ್ಬಿಡು ತಾಯಿ, ಎದ್ದೋಗ್ತೀನಿ," ಅಂದ. ಕೇಳಿಸೋಣ ಅಂದರೆ ಮಿಷನ್ನೇ ಸತ್ತು ಮಲಗಿತ್ತಲ್ಲ!

ಡಬ್ಬಿ ಅಂದರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ಆ ಕಾಲದಲ್ಲಿ ಮನೆಗೆ ಫೋನ್ ಬೇಕು ಅಂತ ಅರ್ಜಿ ಹಾಕಿದರೆ, ಫೋನ್ ಬರೋ ಹೊತ್ತಿಗೆ ಅರ್ಜಿ ಹಾಕಿದವನ ತಲೆ ಬೆಳ್ಳಗಾಗಿರ್ತಿತ್ತು. ಇದನ್ನು ನೋಡಿ ದೊಡ್ಡಬಳ್ಳಾಪುರದ ಮಗ್ಗದ ಯಜಮಾನ ಆದಿನಾರಾಯಣಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೇಂದ್ರ ತೆಗೆದ. ಫೋನಿಲ್ಲದವರಿಗೆ ಅಲ್ಲಿ ಒಂದು ನಂಬರು, ಜೊತೆಗೊಂದು ಗುಟ್ಟಿನ ಸಂಖ್ಯೆ. ನೆಂಟರು ಯಾವ ಊರಿನಿಂದ ಬೇಕಾದರೂ ಫೋನ್ ಮಾಡಿ, ಆ ನಂಬರು ಒತ್ತಿ, ಹೇಳೋದು ಹೇಳಿ ಇಟ್ಟುಬಿಡಬಹುದು. ಮಾತು ಕಂಪ್ಯೂಟರಿನ ಒಳಗೆ ಕೂತಿರುತ್ತೆ. ನಂಬರಿನವರು ಬಿಡುವಾದಾಗ ಗುಟ್ಟಿನ ಸಂಖ್ಯೆ ಒತ್ತಿ ಕೇಳಿಕೊಳ್ಳಬಹುದು, ಬೇಡವಾದರೆ ಅಳಿಸಿಹಾಕಬಹುದು. ಕಂಪನಿಯವರು ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿಟ್ಟಿದ್ದರು. ನಮ್ಮ ಜನ ಡಬ್ಬಿ ಅಂದರು, ಮುಗೀತು. ಆ ಡಬ್ಬಿಗಳನ್ನೆಲ್ಲ ನೋಡಿಕೊಳ್ಳೋದು ಪರ್ವೀನಳ ಕೆಲಸ. ಪ್ರತಿ ಶನಿವಾರ ಸಂಜೆ ಒಳಗಿರೋ ಮಾತುಗಳನ್ನೆಲ್ಲ ಒಂದು ಟೇಪಿಗೆ ನಕಲು ಮಾಡಿ ಇಡೋದೂ ಅವಳದೇ. ಮಿಷನ್ ಕೆಟ್ಟರೆ ಟೇಪಿನಿಂದ ವಾಪಸ್ ತುಂಬಿಕೊಳ್ಳೋಕೆ.

ಮಿಷನ್ ಕೆಟ್ಟಿದ್ದು ಹೇಗೆ ಗೊತ್ತಾ? ಪೂಜೆ ಮಾಡಿ! ನಗಬೇಡಿ. ಆಯುಧಪೂಜೆ ದಿನ ಊರಿನ ಮಗ್ಗಗಳೆಲ್ಲ ನಿಂತಿದ್ದವು. "ಎರಡು ವರ್ಷದಿಂದ ಹಗಲೂ ರಾತ್ರಿ ದುಡಿದೈತೆ, ಇದಕ್ಕೂ ಒಂದ್ ದಿನ ರಜಾ ಬೇಡ್ವಾ ಪರ್ವೀನಮ್ಮ?" ಅಂತ ಆದಿನಾರಾಯಣಪ್ಪ ಕಂಪ್ಯೂಟರನ್ನು ಆಫ್ ಮಾಡಿಸಿದ. ಹಾರ ಹಾಕಿದ್ದಾಯ್ತು, ನಿಂಬೆಹಣ್ಣು ಕುಯ್ದಿದ್ದಾಯ್ತು. ಟೇಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಟ್ಟವಳು ಪರ್ವೀನೇ. ಅವಳು ಮುಚ್ಚಳದ ಮೇಲೆ ಕುಂಕುಮ ಇಟ್ಟಳು. ಆ ಯಜಮಾನನಿಗೆ ಸಮಾಧಾನ ಆಗಬೇಕಲ್ಲ! "ಡಬ್ಬದ ಮೇಲಿಟ್ರೆ ಏನ್ ಬಂತು? ಮಾತಿರೋದು ಒಳಗಡೆ ಅಲ್ವಾ?" ಅಂತ ಟೇಪಿನ ಪುಟ್ಟ ಬಾಗಿಲು ತೆಗೆದು, ಬೆರಳಲ್ಲಿ ವಿಭೂತಿ ಅದ್ದಿ, ಒಳಗಿನ ಕಪ್ಪು ಪಟ್ಟಿಗೇ ಬಳಿದ. ಪರ್ವೀನ್ ನೋಡ್ತಾ ನಿಂತಿದ್ದಳು. ಹಬ್ಬದ ದಿನ ಬೇಡ ಅನ್ನೋಕೆ ಬಾಯಿ ಬರಲಿಲ್ಲ.

ವಿಜಯದಶಮಿ ಮಾರನೇ ದಿನ ಸ್ವಿಚ್ ಹಾಕಿದರೆ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬಂತು, ಅಷ್ಟೇ. ಬೆಂಗಳೂರಿನಿಂದ ಇಂಜಿನಿಯರ್ ಬಂದು ತಲೆ ಚಚ್ಚಿಕೊಂಡ. ಹಳೇ ಹಾರ್ಡ್ ಡಿಸ್ಕ್ ಅದು, ತಿರುಗ್ತಾ ಇರೋವರೆಗೆ ತಿರುಗುತ್ತೆ. ಒಂದು ದಿನ ನಿಲ್ಲಿಸಿದರೆ ಒಳಗೆ ಅಂಟಿಕೊಂಡು ಮತ್ತೆ ಏಳೋದೇ ಇಲ್ಲ. ಹೊಸ ಡಿಸ್ಕ್ ಕೂರಿಸಿ, "ಇನ್ನು ಟೇಪಿನಿಂದ ತುಂಬಿಸ್ಕೊಳ್ಳಿ" ಅಂತ ಹೇಳಿ ಹೋಗಿದ್ದ. ಆ ಕೆಲಸವೇ ಈಗ ಪರ್ವೀನಳ ಮುಂದೆ ಇದ್ದದ್ದು.

"ಯಜಮಾನ್ರೇ, ಸ್ವಲ್ಪ ಹೊತ್ತು ಆಗುತ್ತೆ. ನಿಮ್ಮ ಮಗಳು ಎಲ್ಲಿರೋದು?" ಅಂದಳು, ಸುಮ್ಮನಿರಲಾರದೆ.

"ಧರ್ಮಾವರ. ಆದಿಲಕ್ಷ್ಮಮ್ಮ ಅಂತ. ಬೀಗರು ಮಗ್ಗದೋರು." ಮುನಿರಾಮಯ್ಯ ಟವಲ್ಲಿನಲ್ಲಿ ಮುಖ ಒರೆಸಿಕೊಂಡ. "ವಾರವಾರ ನನ್ ಮಗ ಡಬ್ಬಿ ಕೇಳ್ಕೊಂಡು ಬಂದು ಹೇಳ್ತಿದ್ದ. ಚೆನ್ನಾಗವ್ಳಂತೆ, ನಿನ್ನ ಕೇಳಿದ್ಲಂತೆ ಅಂತ. ಮೊನ್ನೆ ಅಲ್ಲಿಗೆ ನೂಲು ತಗೊಂಡೋಗಿದ್ದ ಅಬ್ದುಲ್ ರಜಾಕ್ ಸಾಬ್ರು ಸಿಕ್ಕಿದ್ರು. ಬೀದೀಲಿ ನಿಲ್ಲಿಸ್ಕೊಂಡು ಅತ್ಲಂತೆ ಕಣವ್ವಾ. ಡಬ್ಬೀಲಿ ಎಲ್ಲಾ ಹೇಳಿದೀನಿ, ಯಾರೂ ಕೇಳ್ಲೇ ಇಲ್ವಾ ಅಂದ್ಲಂತೆ. ಏನ್ ಹೇಳವ್ಳೆ? ಅದು ಗೊತ್ತಾಗ್ದೆ ನಾನು ಬೀಗರ ಮನೆ ಬಾಗ್ಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮಧ್ಯಾಹ್ನದ ಪ್ಯಾಸೆಂಜರ್ ರೈಲಿಗೆ ಹೋಗೋದು ಅಂತ ಬಟ್ಟೆ ಚೀಲವನ್ನೂ ತಂದಿದ್ದ ಪುಣ್ಯಾತ್ಮ.

ಪರ್ವೀನ್ ಹೋದ ಶನಿವಾರದ ಟೇಪು ಹಾಕಿದಳು. ಅದು ಎರಡು ಸುತ್ತು ತಿರುಗಿ, ಗರಗರ ಅಂದು, ಓದೋಕಾಗ್ತಿಲ್ಲ ಅಂತ ಪರದೆಯ ಮೇಲೆ ಬರೆದು ನಿಂತುಬಿಡ್ತು. ತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿ ಒಳಗೆ ಒರೆಸಿದರೆ ಹತ್ತಿ ಬೂದಿಬಣ್ಣಕ್ಕೆ ತಿರುಗಿತು. ವಿಭೂತಿ! ಮತ್ತೆ ಹಾಕಿದಳು, ಮತ್ತೆ ಅದೇ ಗರಗರ. ಅದರ ಹಿಂದಿನ ವಾರದ ಟೇಪು ಹಾಕಿದಳು. ಅದು ಓಡಿತು. ಕಾಲುಭಾಗ, ಅರ್ಧ. ಮುನಿರಾಮಯ್ಯ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತ. ಅರ್ಧ ದಾಟಿತು ಅನ್ನೋ ಹೊತ್ತಿಗೆ ಒಳಗೆ ಪಟ್ ಅಂತ ಸದ್ದಾಯ್ತು. ಪಟ್ಟಿ ಕಿತ್ತುಹೋಗಿತ್ತು. ವಾರ ಬಿಟ್ಟು ವಾರ ತುಂಬೋಕೆ ಕೇಂದ್ರದಲ್ಲಿ ಇದ್ದದ್ದು ಅವೆರಡೇ ಟೇಪು.

"ಯಾ ಅಲ್ಲಾ," ಅಂತ ಪರ್ವೀನ್ ತಲೆ ಮೇಲೆ ಕೈ ಹೊತ್ತಳು. ಅಳು ಬಂತು, ನುಂಗಿಕೊಂಡಳು. ಎಷ್ಟು ಜನರ ಮಾತು! ಎಲ್ಲಾ ತನ್ನ ಕೈಯಾರೆ ತಟ್ಟೆಯಲ್ಲಿಟ್ಟು ಆರತಿ ಎತ್ತಿಸಿದ್ದಲ್ಲವಾ?

ಅಷ್ಟು ಹೊತ್ತಿಗೆ ಮೆಟ್ಟಿಲಲ್ಲಿ ದಡದಡ ಸದ್ದಾಯ್ತು. ಮುನಿರಾಮಯ್ಯನ ಮಗ ರವಿಚಂದ್ರ. ದಾಬಸ್‌ಪೇಟೆ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವನು, ಅಪ್ಪ ಇಲ್ಲಿಗೆ ಬಂದಿರೋದು ಕೇಳಿ ಓಡಿ ಬಂದಿರಬೇಕು. "ಏನಪ್ಪಾ ನೀನು, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ನಡಿ ಮನೆಗೆ. ಮಿಷನ್ ಕೆಟ್ಟೋಗಿದೆ ಅಂತ ಊರಿಗೆಲ್ಲ ಗೊತ್ತು. ಅದ್ರಲ್ಲಿ ಏನೂ ಇಲ್ಲ," ಅಂದ.

"ಇಲ್ಲ ಅಂತ ನಿಂಗೆಂಗೊತ್ತಲಾ?" ಅಂದ ಮುನಿರಾಮಯ್ಯ. ಜೋರಾಗೇನೂ ಅನ್ನಲಿಲ್ಲ.

ಆದಿನಾರಾಯಣಪ್ಪ ಬಂದ. ಟೇಪು ಕಿತ್ತುಹೋಗಿರೋದನ್ನು ನೋಡಿ ಅವನ ಮುಖ ಚಿಕ್ಕದಾಯ್ತು. ಮೊದಲು ಕಂಪನಿಯವರನ್ನು ಬೈದ, ಆಮೇಲೆ ವಿಭೂತಿ ಮಾರಿದವನನ್ನು ಬೈದ. ತನ್ನ ಬೆರಳನ್ನು ಮಾತ್ರ ಬೈಯಲಿಲ್ಲ. ಬೈದು ಸುಸ್ತಾದ ಮೇಲೆ ತಟ್ಟನೆ ಹಣೆ ಚಚ್ಚಿಕೊಂಡ. "ಅಯ್ಯೋ, ಒಂದ್ ಟೇಪು ನಮ್ಮನೇಲೈತಲ್ಲ! ಬೆಂಕಿ ಗಿಂಕಿ ಬಿದ್ರೆ ಇರ್ಲಿ ಅಂತ ನೀನೇ ಕೊಟ್ಟಿದ್ದೆ ನೋಡು. ಬೀರುನಲ್ಲೇ ಬಿದ್ದೈತೆ, ಪೂಜೆಗೂ ತರಲಿಲ್ಲ."

"ಅದು ಗೌರಿ ಹಬ್ಬದ ವಾರದ್ದು ಅಣ್ಣಾ. ಒಂದು ತಿಂಗಳ ಹಿಂದಿನದು."

"ಇರೋದು ಅದೇ ತಾನೇ?" ಅಂತ ಸ್ಕೂಟರ್ ಹತ್ತಿದ.

ಪರ್ವೀನ್ ಬೆಂಗಳೂರಿಗೆ ಇಂಜಿನಿಯರ್‌ಗೆ ಫೋನ್ ಮಾಡಿದಳು. ಅವನು ಹೇಳಿದ್ದನ್ನು ಅಲ್ಲಿದ್ದವರಿಗೂ ತಿಳಿಯಲಿ ಅಂತ ಗಟ್ಟಿಯಾಗಿ ಒಪ್ಪಿಸಿದಳು. "ಆ ಶನಿವಾರ ಸಂಜೆ ಡಬ್ಬಿಗಳು ಹೇಗಿದ್ವೋ ಹಾಗೇ ವಾಪಸ್ ಬರ್ತವಂತೆ. ಆಮೇಲೆ ಬಂದ ಮಾತು ಸಿಗಲ್ಲ. ಆಮೇಲೆ ಅಳಿಸಿಹಾಕಿದ್ದು ಮಾತ್ರ ಮತ್ತೆ ಎದ್ದು ಕೂರುತ್ತಂತೆ, ಹೊಸದು ಅಂತ."

ಮುನಿರಾಮಯ್ಯನಿಗೆ ಅದರಲ್ಲಿ ಅರ್ಧ ಅರ್ಥ ಆಯ್ತೋ ಇಲ್ಲವೋ. ರವಿಚಂದ್ರನಿಗೆ ಮಾತ್ರ ಪೂರ್ತಿ ಅರ್ಥ ಆಯ್ತು. ಅವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯ್ತು.

"ಅಪ್ಪಾ, ಕೆಳಗೆ ಹೋಗಿ ಒಂದ್ ಟೀ ಕುಡ್ಕೊಂಡ್ ಬಾ," ಅಂದ. "ಬೇಡ," ಅಂದ ಅಪ್ಪ. "ಹೊಟ್ಟೇಲಿ ಏನೂ ಇಲ್ದೆ ರೈಲು ಹತ್ತೀಯಾ?" ಅಂತ ರೇಗಿದ. ರೈಲು ಅಂದ ಮೇಲೆ ಮುದುಕ ಹೊತ್ತು ನೋಡಿಕೊಂಡು, ಒಲ್ಲದ ಮನಸ್ಸಿನಿಂದ ಮೆಟ್ಟಿಲಿಳಿದ. ಅವನ ತಲೆ ಮರೆಯಾದ ತಕ್ಷಣ ರವಿಚಂದ್ರ ಪರ್ವೀನಳ ಮೇಜಿನ ಮೇಲೆ ಎರಡೂ ಕೈ ಊರಿದ.

"ಪರ್ವೀನಕ್ಕಾ, ಕಾಲಿಗೆ ಬೀಳ್ತೀನಿ. ನನ್ನ ಡಬ್ಬಿ ಬಿಟ್ಟು ಮಿಕ್ಕಿದ್ದನ್ನ ತುಂಬಿಸ್ಕೊಳ್ಳಿ."

"ಹಾಗೆ ಬರಲ್ಲ ರವೀ. ತುಂಬಿಸಿದ್ರೆ ಪೂರ್ತಿ, ಇಲ್ದಿದ್ರೆ ಇಲ್ಲ. ಏನಿದೆ ಅದ್ರಲ್ಲಿ?"

ರವಿಚಂದ್ರ ಬಾಗಿಲ ಕಡೆ ನೋಡಿದ. "ಒಂದೇ ಚಪ್ಪರದಲ್ಲಿ ಎರಡು ಮದುವೆ ಅಕ್ಕಾ ನಮ್ದು. ನನ್ನ ತಂಗೀನ ಅವರಿಗೆ ಕೊಟ್ವಿ, ಅವರ ಹುಡುಗೀನ ನಾನು ತಂದ್ಕೊಂಡೆ. ನನ್ನ ತಂಗಿ ಗಂಡನ ತಂಗೀನೇ ನನ್ನ ಹೆಂಡ್ತಿ. ತಂಗಿ ಮನೆ ಬಿಟ್ಟು ಬಂದ್ರೆ ಅವರು ಸುಮ್ನಿರ್ತಾರಾ? ಮಾರನೇ ದಿನಾನೇ ಬಂದು ನನ್ನ ಹೆಂಡ್ತೀನ ಕರ್ಕೊಂಡು ಹೋಗ್ತಾರೆ. ಅವಳೀಗ ದಿನ ತುಂಬಿದ ಬಸುರಿ. ಹುಟ್ಟೋ ಮಗೂನ ನಾನು ನೋಡಕ್ಕಾಗುತ್ತಾ ಹೇಳಿ?" ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. "ಗೌರಿ ಹಬ್ಬದಲ್ಲಿ ತಂಗಿ ಫೋನ್ ಮಾಡಿ ನಾನಿಲ್ಲಿ ಇರಲ್ಲ ಅಂದಿದ್ಲು. ಭಾನುವಾರ ಕೇಳ್ದೆ. ಕೇಳಿ ಅಳಿಸ್ಬಿಟ್ಟೆ. ಅಪ್ಪಂಗೆ, ಬಾಗಿನ ತಲುಪ್ತಂತೆ, ಖುಷಿಯಾಗವ್ಳೆ ಅಂತ ಹೇಳ್ದೆ. ಹೆರಿಗೆ ಆಗ್ಲಿ ಅಕ್ಕಾ, ಆಮೇಲೆ ನಾನೇ ಹೋಗಿ ಕರ್ಕೊಂಡು ಬರ್ತೀನಿ. ದೇವರಾಣೆ."

ಪರ್ವೀನ್‌ಗೆ ಕಪಾಳಕ್ಕೆ ಬಾರಿಸೋಣ ಅನ್ನೋವಷ್ಟು ಸಿಟ್ಟು ಬಂತು. ಮರುಗಳಿಗೆಗೆ ಅವನು ಬಾಗಿಲ ಕಡೆ ಕದ್ದು ಕದ್ದು ನೋಡ್ತಿರೋದು ಕಂಡಿತು. ಏನನ್ನೋದು ಇಂಥವನಿಗೆ? ಕೆಟ್ಟವನೇನಲ್ಲ, ಹೆದರಿಕೊಂಡವನು. ಆದರೆ ಇವನು ಹೆದರಿಕೊಂಡು ಕೂತಿದ್ದ ತಿಂಗಳೆಲ್ಲ ಅಲ್ಲೊಬ್ಬಳು ಏಟು ತಿಂದಿರಬಹುದಲ್ಲ!

ಆದಿನಾರಾಯಣಪ್ಪ ಟೇಪು ತಂದುಕೊಟ್ಟು, ಕೆಳಗೆ ಗಲಾಟೆ ಮಾಡ್ತಿದ್ದ ಗಿರಾಕಿಗಳನ್ನು ಸಮಾಧಾನ ಮಾಡೋಕೆ ಇಳಿದುಹೋದ. ಮುನಿರಾಮಯ್ಯನೂ ಬಂದು ಅದೇ ಬೆಂಚಿನ ತುದಿಗೆ ಕೂತ. ಪರ್ವೀನ್ ಟೇಪಿನ ಬಾಗಿಲು ತೆಗೆದು ನೋಡಿದಳು. ಕಪ್ಪಗೆ, ಹೊಳೆಯುತ್ತಾ, ಚೊಕ್ಕಟವಾಗಿತ್ತು. ಹಾಕಿದಳು. ತಿರುಗಿತು. ಕಾಲುಭಾಗ ಆಯ್ತು. ಅರ್ಧ ಆಯ್ತು. ಒಬ್ಬ ಅದು ಓಡಲಿ ಅಂತ ಬೇಡಿಕೊಳ್ತಿದ್ದ, ಇನ್ನೊಬ್ಬ ಕಿತ್ತುಹೋಗಲಿ ಅಂತ. ಮುಕ್ಕಾಲು ಭಾಗದಲ್ಲಿ ಒಂದು ಗಳಿಗೆ ಸದ್ದು ನಿಂತಿತು. ಮತ್ತೆ ತಿರುಗಿತು. ಕೊನೆಗೆ ಪರದೆ ತುಂಬಿಕೊಂಡಿತು, ಒಂದೊಂದು ಡಬ್ಬಿಯ ನಂಬರೂ ಸಾಲಾಗಿ ಇಳಿದು ಬಂದವು. ರವಿಚಂದ್ರನ ಹೆಸರಿನ ಮುಂದೆ ಒಂದು ಹೊಸ ಮಾತು ಇದೆ ಅಂತ ತೋರಿಸಿತು.

"ಬಂತಾ ತಾಯಿ?" ಅಂದ ಮುನಿರಾಮಯ್ಯ.

ಪರ್ವೀನ್ ಬಾಯಿ ತೆರೆಯೋ ಮೊದಲೇ ರವಿಚಂದ್ರ ಮೇಜಿನ ಫೋನಿಗೆ ಕೈ ಹಾಕಿದ್ದ. "ನನ್ನ ಹೆಸರಿನ ಡಬ್ಬಿ, ನಾನೇ ನೋಡ್ತೀನಿ," ಅಂತ ಗುಟ್ಟಿನ ಸಂಖ್ಯೆ ಒತ್ತೋಕೆ ಶುರು ಮಾಡಿದ. ಅವನನ್ನು ತಡೆಯೋ ಹಾಗಿಲ್ಲ. ಡಬ್ಬಿ ಯಾರ ಹೆಸರಲ್ಲಿದೆಯೋ ಅವರು ಬಿಟ್ಟರೆ ಬೇರೆ ಯಾರಿಗೂ ಅದರೊಳಗಿನ ಮಾತು ಕೇಳಿಸಬಾರದು. ಅದೇ ಕೇಂದ್ರದ ಮೊದಲ ನಿಯಮ. ಪರ್ವೀನ್ ಇಲ್ಲೀವರೆಗೂ ಸ್ವಂತ ಅಕ್ಕನ ಡಬ್ಬಿಯನ್ನೂ ತೆಗೆದು ಕೇಳಿದವಳಲ್ಲ. ನಿಯಮ ಮುರಿದರೆ ಕೆಲಸವೂ ಹೋಗುತ್ತೆ, ಊರಿನವರ ನಂಬಿಕೆಯೂ ಹೋಗುತ್ತೆ. ಇನ್ನು ಎರಡು ಗುಂಡಿ ಒತ್ತಿದರೆ ಅಳಿಸಿಹೋಗುತ್ತೆ, ಟೇಪಿನಿಂದ ಮತ್ತೆ ತುಂಬಿಸಿದರೂ ಅವನು ಮತ್ತೆ ಅಳಿಸಿಬಿಡ್ತಾನೆ.

ಅವಳು ಕೈ ಚಾಚಿ ಫೋನಿನ ಸ್ಪೀಕರ್ ಗುಂಡಿ ಒತ್ತಿದಳು.

"ಅಪ್ಪಾ," ಅಂತು ಕೋಣೆ ತುಂಬಾ ಒಂದು ಹೆಣ್ಣುದನಿ.

ಮುನಿರಾಮಯ್ಯ ಧಡಕ್ಕನೆ ಎದ್ದು ನಿಂತ. ರವಿಚಂದ್ರ ಗುಂಡಿಯ ಕಡೆ ಬೆರಳು ತಂದ. "ಮುಟ್ಬೇಡ ಕಣಲಾ!" ಅಂತ ಅಪ್ಪ ಕೂಗಿದ ಕೂಗಿಗೆ ಆ ಬೆರಳು ಅಲ್ಲೇ ನಿಂತಿತು.

"ಅಪ್ಪಾ, ನಾನು ಆದಿಲಕ್ಷ್ಮಿ. ಬಾಗಿನ ಬಂತು. ಬಾಗಿನ ಕಳ್ಸಿದೀಯ, ನೀನ್ಯಾಕಪ್ಪಾ ಬರ್ಲಿಲ್ಲ? ನಾನಿಲ್ಲಿ ಇರಕ್ಕಾಗಲ್ಲ. ಹೊಡೀತಾರೆ. ಬಲಗೈ ಮೇಲಕ್ಕೆತ್ತಕ್ಕಾಗ್ತಿಲ್ಲ, ಹಂಗೇ ಮಗ್ಗದ ಮುಂದೆ ಕೂರಿಸ್ತಾರೆ. ನನ್ನ ಕರ್ಕೊಂಡೋಗಪ್ಪಾ."

ಆಮೇಲೆ ಮಾತಿಲ್ಲ. ಉಸಿರಾಡೋ ಸದ್ದು, ಯಾವುದೋ ಎಸ್‌ಟಿಡಿ ಬೂತಿನ ಹೊರಗೆ ಲಾರಿ ಹೋದ ಸದ್ದು. ಮುಗೀತು ಅಂದುಕೊಂಡಳು ಪರ್ವೀನ್. ರವಿಚಂದ್ರನೂ ಹಾಗೇ ಅಂದುಕೊಂಡು ತಲೆ ತಗ್ಗಿಸಿದ್ದ. ಆಗ ಆ ದನಿ ಮತ್ತೆ ಶುರುವಾಯ್ತು, ಈ ಸಲ ಸ್ವಲ್ಪ ಗಟ್ಟಿಯಾಗಿ.

"ಅಣ್ಣಾ, ಇದನ್ನ ಮೊದ್ಲು ಕೇಳೋನು ನೀನೇ ಅಂತ ನಂಗೊತ್ತು. ಹೆದರ್ಕೋಬೇಡ. ನಾನು ಈಗ್ಲೇ ಬಂದ್ಬಿಟ್ರೆ ಇವರು ಅತ್ತಿಗೇನ ಕರ್ಸ್ಕೊಂಡ್ಬಿಡ್ತಾರೆ. ಬಸುರಿ ಹೆಂಗ್ಸು, ಅವಳೇನ್ ತಪ್ಪು ಮಾಡವ್ಳೆ? ಅವಳ ಹೆರಿಗೆ ನಿನ್ನ ಮನೇಲೇ ಆಗ್ಲಿ. ಅಲ್ಲೀವರ್ಗೂ ನಾನು ತಡ್ಕೋತೀನಿ. ಬಂದು ಕರ್ಕೊಂಡೋಗ್ತೀವಿ ಅಂತ ಒಂದ್ ಮಾತು ಹೇಳ್ಕಳ್ಸು ಸಾಕು ಅಣ್ಣಾ. ಒಂದೇ ಒಂದ್ ಮಾತು. ಅಷ್ಟಿದ್ರೆ ತಡ್ಕೋತೀನಿ."

ಫೋನ್ ಇಟ್ಟ ಸದ್ದಾಯ್ತು.

"ಇದನ್ನ ನಾನು ಕೇಳ್ಲಿಲ್ಲ," ಅಂದ ರವಿಚಂದ್ರ. ಅವನ ದನಿ ಅವನದೇ ಅನ್ನಿಸಲಿಲ್ಲ. "ಇರಕ್ಕಾಗಲ್ಲ, ಕರ್ಕೊಂಡೋಗು ಅಂದ್ಲಲ್ಲ, ಅಷ್ಟಕ್ಕೇ ಅಳಿಸ್ಬಿಟ್ಟೆ ಅಪ್ಪಾ. ಮುಂದಕ್ಕೆ ಕೇಳ್ಲೇ ಇಲ್ಲ."

ಮುನಿರಾಮಯ್ಯ ಮಗನ ಕಡೆ ನೋಡಲಿಲ್ಲ. "ಯಾವತ್ತು ಹೇಳಿದ್ದು ತಾಯಿ ಇದು?" ಅಂತ ಪರ್ವೀನಳನ್ನು ಕೇಳಿದ.

"ಗೌರಿ ಹಬ್ಬದ ವಾರ."

"ಗೌರಿ ಹಬ್ಬ," ಅಂದ. "ಗಣೇಶನ್ನ ಬಿಟ್ಟಿದ್ದಾಯ್ತು, ಪಿತೃಪಕ್ಷ ಆಯ್ತು, ದಸರಾ ಆಯ್ತು. ಅಷ್ಟು ದಿನಾನೂ ಒಂದ್ ಮಾತಿಗೆ ಕಾಯ್ತಾ ಅವ್ಳಾ ನನ್ ಮಗಳು?"

ಪರ್ವೀನ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು, ನಾಚಿಕೊಳ್ಳದೆ ಅತ್ತಳು. ಮುದುಕ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡ. ರವಿಚಂದ್ರ ಕಣ್ಣೊರೆಸಿಕೊಂಡು, "ನಾನೂ ಬರ್ತೀನಪ್ಪಾ," ಅಂದ.

"ಬ್ಯಾಡ. ನೀನು ಮನೆಗೋಗಿ ಹೆಂಡ್ತಿ ಹತ್ರ ಇರು. ಅವ್ಳು ಹಂಗೇ ತಾನೇ ಹೇಳಿರೋದು?" ಅಂದ ಮುನಿರಾಮಯ್ಯ. ಅದರಲ್ಲಿ ಸಿಟ್ಟಿರಲಿಲ್ಲ. ಒಂದೆರಡು ಬೈದಿದ್ದರೆ ಮಗನಿಗೆ ಎಷ್ಟೋ ಮೇಲಾಗ್ತಿತ್ತು. ಮುದುಕ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಸ್ಟೇಷನ್ ಕಡೆ ನಡೆದ.

ರವಿಚಂದ್ರ ನಿಂತಲ್ಲೇ ನಿಂತಿದ್ದ. ಪರ್ವೀನ್ ಮುಖ ಒರೆಸಿಕೊಂಡು ಫೋನನ್ನು ಅವನ ಕಡೆ ತಿರುಗಿಸಿದಳು. "ಆ ಒಂದ್ ಮಾತು ಈಗ್ಲಾದ್ರೂ ಹೇಳು. ಅವಳು ಫೋನ್ ಮಾಡೋ ಬೂತಿನ ನಂಬರ್ ಗೊತ್ತಾ?"

ಗೊತ್ತಿತ್ತು. ಅವನ ಹೆಂಡತಿ ತವರಿನ ಸುದ್ದಿ ಕೇಳೋಕೆ ಫೋನ್ ಮಾಡ್ತಿದ್ದದ್ದೂ ಅದೇ ಬೂತಿಗೆ. ಒತ್ತಿದ. ಲೈನು ಸಿಗಲಿಲ್ಲ. ಮತ್ತೆ ಒತ್ತಿದ, ಮತ್ತೆ ಸಿಗಲಿಲ್ಲ. ಪರ್ವೀನ್ ತಾನೇ ತಗೊಂಡು ಒತ್ತಿ, ಗಂಟೆ ಬಾರಿಸಿದ ಮೇಲೆ ರಿಸೀವರನ್ನು ಅವನ ಕೈಗಿಟ್ಟಳು. ಸ್ಪೀಕರ್ ಇನ್ನೂ ಹಾಗೇ ಇತ್ತು. ಆ ಕಡೆಯಿಂದ ಬೂತಿನವನು ತೆಲುಗಿನಲ್ಲಿ ಯಾರು ಅಂದ. ದೊಡ್ಡಬಳ್ಳಾಪುರದಿಂದ, ಆದಿಲಕ್ಷ್ಮಮ್ಮನ ಅಣ್ಣ ಅಂದದ್ದೇ ತಡ, ಅವನು ಕನ್ನಡಕ್ಕೆ ತಿರುಗಿದ.

"ಇಷ್ಟು ದಿನಕ್ಕೆ ಮಾಡಿದ್ರಾ ಸ್ವಾಮಿ? ಆಯಮ್ಮ ದಿನಾ ಸಾಯಂಕಾಲ ಬಂದು ಕೇಳ್ತಾರೆ, ನಮ್ಮಣ್ಣನ ಫೋನ್ ಏನಾದ್ರೂ ಬಂತಾ ಅಂತ. ಇಲ್ಲ ಅಂತ ಹೇಳಿ ಹೇಳಿ ನಮಗೇ ಬೇಜಾರಾಗೋಯ್ತು. ಇವತ್ತು ಬಂದ್ರೆ ಏನಂತ ಹೇಳ್ಲಿ?"

ರವಿಚಂದ್ರ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಂತು ಅಂತ ಹೇಳಿ," ಅಂದ. "ಅಪ್ಪ ರೈಲು ಹತ್ತಿದ್ರು ಅಂತ ಹೇಳಿ."